ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣಿಗೆ ಜೀನ್ ಥೆರಪಿ ಕೊಡಿಸಬಹುದಾ?

ಮುಳಬಾಗಿಲಿನಿಂದ ಕೇಳಿದ್ದೀರಿ: ತಂದೆಯವರಿಗೆ ಸಕ್ಕರೆ ಕಾಯಿಲೆ, ಬಲಗಾಲಿನ ಹೆಬ್ಬೆರಳ ಬುಡದ ಹುಣ್ಣು ಮೂರು ತಿಂಗಳಾದರೂ ಮಾಯುತ್ತಿಲ್ಲ, ಜೀನ್ ಥೆರಪಿ ಕೊಡಿಸಲೇ ಅಂತ. ಕೋಲಾರದಲ್ಲಾಗಲಿ ಬೆಂಗಳೂರಿನಲ್ಲಾಗಲಿ ಇದು ಮಾಮೂಲು ಚಿಕಿತ್ಸೆಯಾಗಿ ಸಿಗುವುದಿಲ್ಲ. ಪ್ರಯೋಗ ನಡೆಯುತ್ತಿದೆ ಎಂದು ಯಾರಾದರೂ ಹೇಳಿದರೆ ಸಿ.ಟಿ.ಆರ್.ಐ. (ದೇಶದ ಔಷಧ ಪ್ರಯೋಗಗಳ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. ಔಷಧಿಗೆ ದುಡ್ಡು ಕೇಳಿದರೆ ಎದ್ದು ಬನ್ನಿ.

ಗಾಯ ತುಂಬಿಕೊಳ್ಳಲು ಹೊಸ ರಕ್ತನಾಳ ಬೆಳೆಯಬೇಕು. ಅದನ್ನು ಬೆಳೆಸುವ ಪ್ರೋಟೀನನ್ನು ಮೇಲಿಂದ ಹಚ್ಚಿದರೆ ಹಳೆಯ ಹುಣ್ಣಿನ ರಸದಲ್ಲಿರುವ ಕಿಣ್ವಗಳು ಬೇಗನೆ ಕತ್ತರಿಸಿ ಹಾಕುತ್ತವೆ. ಅದಕ್ಕೇ ಜೀನ್ ಥೆರಪಿಯಲ್ಲಿ ಪ್ರೋಟೀನಿನ ಬದಲು ಅದರ ಜೀನನ್ನೇ ಪ್ಲಾಸ್ಮಿಡ್ ಎಂಬ ಡಿ.ಎನ್.ಎ. ಉಂಗುರದಲ್ಲಿಟ್ಟು ಕಾಲಿನ ಸ್ನಾಯುವಿಗೆ ಚುಚ್ಚುತ್ತಾರೆ. ಜೀವಕೋಶಗಳೇ ಕೆಲಕಾಲ ಪ್ರೋಟೀನ್ ತಯಾರಿಸಲಿ ಎಂಬ ಲೆಕ್ಕ. ತೊಡಕೆಂದರೆ, ಚುಚ್ಚಿದ ಪ್ಲಾಸ್ಮಿಡ್ ತೀರಾ ಕಡಿಮೆ ಕೋಶಗಳ ಒಳಗೆ ಹೋಗುತ್ತದೆ. ಕಾಲಿಗೆ ರಕ್ತ ಸಾಲದ 525 ರೋಗಿಗಳ ಮೇಲೆ ನಡೆದ ಇಂಥ ಚುಚ್ಚುಮದ್ದಿನ ದೊಡ್ಡ ಪ್ರಯೋಗದ ಫಲಿತಾಂಶ 2011ರಲ್ಲಿ ಬಂತು. ಕಾಲು ಕತ್ತರಿಸುವುದಾಗಲಿ ಸಾವಾಗಲಿ ಕಡಿಮೆಯಾಗಲಿಲ್ಲ. ಜಪಾನ್ 2019ರಲ್ಲಿ ಇಂಥದೇ ಒಂದು ಔಷಧಿಗೆ ಷರತ್ತಿನ ಒಪ್ಪಿಗೆ ಕೊಟ್ಟಿತ್ತು, 2024ರಲ್ಲಿ ಕಂಪನಿಯೇ ಪೂರ್ಣ ಒಪ್ಪಿಗೆಯ ಅರ್ಜಿ ವಾಪಸ್ ತೆಗೆದುಕೊಂಡಿತು. ಚರ್ಮದಲ್ಲಿ ಗುಳ್ಳೆ ಏಳುವ ಒಂದು ವಂಶಪಾರಂಪರ್ಯ ಕಾಯಿಲೆಗೆ 2023ರಲ್ಲಿ ಅಮೆರಿಕದಲ್ಲಿ ಜೀನ್ ಜೆಲ್ ಬಂದಿದೆ ನಿಜ. ಅಲ್ಲಿ ಕೆಟ್ಟಿರುವುದು ಒಂದೇ ಜೀನ್. ಸಕ್ಕರೆ ಹುಣ್ಣಿನಲ್ಲಿ ನರ, ರಕ್ತ, ಸೋಂಕು, ಮೈಭಾರ ನಾಲ್ಕೂ ಸೇರಿಕೊಂಡಿರುತ್ತವೆ.

ಹೆಬ್ಬೆರಳ ಬುಡ ಅಂದರೆ ನಡೆಯುವಾಗ ಹೆಚ್ಚು ಭಾರ ಬೀಳುವ ಜಾಗ. ಸ್ಪರ್ಶ ಹೋಗಿರುವುದರಿಂದ ನೋವಿಲ್ಲ, ನೋವಿಲ್ಲವೆಂದು ನಡೆಯುತ್ತಾರೆ, ಪ್ರತಿ ಹೆಜ್ಜೆಗೂ ಹುಣ್ಣು ಮತ್ತೆ ಬಿರಿಯುತ್ತದೆ. ಎಂ.ಸಿ.ಆರ್. (ಮೆತ್ತನೆ ರಬ್ಬರಿನ) ಚಪ್ಪಲಿ ಹುಣ್ಣು ಬರದಂತೆ ತಡೆಯಲು ಒಳ್ಳೆಯದು, ಬಾಯಿಬಿಟ್ಟ ಹುಣ್ಣಿಗೆ ಸಾಲದು. ಮೊಣಕಾಲ ಕೆಳಗಿನವರೆಗೆ ಹಾಕುವ, ಮನೆಯಲ್ಲಿ ಬಿಚ್ಚಲಾಗದ ಕಟ್ಟು ಬೇಕು. ಬಿಚ್ಚಲು ಬಂದರೆ ಬಚ್ಚಲಿಗೆ ಹೋಗುವಾಗ ಬಿಚ್ಚಿಯೇ ಬಿಡುತ್ತಾರೆ.

ಆದರೆ ಕಟ್ಟು ಹಾಕುವ ಮುಂಚೆ ರಕ್ತದ ಹರಿವು ನೋಡಲೇಬೇಕು. ಕಣಕಾಲಿನ ಬಿ.ಪಿ.ಯನ್ನು ತೋಳಿನ ಬಿ.ಪಿ.ಯಿಂದ ಭಾಗಿಸಿದರೆ 0.9ಕ್ಕಿಂತ ಕಡಿಮೆ ಬಂತೋ, ನಾಳ ಕಿರಿದಾಗಿದೆ. 1.3 ದಾಟಿತೆಂದು ಖುಷಿಪಡಬೇಡಿ: ಸುಣ್ಣ ಕಟ್ಟಿ ಗಟ್ಟಿಯಾದ ನಾಳ ಅದುಮಿದರೂ ಅದುಮಿಕೊಳ್ಳದೆ ಸುಳ್ಳು ಲೆಕ್ಕ ಕೊಡುತ್ತದೆ. ಆಗ ಕಾಲ್ಬೆರಳಿನ ಬಿ.ಪಿ. ಅಳೆಸಿ. 30ಕ್ಕಿಂತ ಕಡಿಮೆಯಿದ್ದರೆ ಮೊದಲು ರಕ್ತನಾಳದ ಸರ್ಜನ್ ಹತ್ತಿರ ಹೋಗಬೇಕು. ಹುಣ್ಣಿನೊಳಗೆ ಸಲಾಕೆ ಆಡಿಸಿ ಮೂಳೆ ತಾಗುತ್ತದಾ ನೋಡಲು ವೈದ್ಯರಿಗೆ ಹೇಳಿ, ತಾಗಿದರೆ ಮೂಳೆಗೂ ಸೋಂಕು ಇಳಿದಿರಬಹುದು. ಮೂಳೆಯ ಸೋಂಕು ಮೊದಲ ಎರಡು ವಾರ ಎಕ್ಸ್‌ರೇಯಲ್ಲಿ ಕಾಣಿಸದೇ ಇರಬಹುದು.

ಸುತ್ತ ಜಡ್ಡುಗಟ್ಟಿದ ಚರ್ಮವನ್ನು ವಾರಕ್ಕೊಮ್ಮೆ ಆಸ್ಪತ್ರೆಯಲ್ಲೇ ಕೆರೆಸಿ. ತೊಳೆಯಲು ಸಲೈನ್ ಸಾಕು, ಹೈಡ್ರೋಜನ್ ಪೆರಾಕ್ಸೈಡ್ ಹೊಸ ಕೋಶಗಳನ್ನೂ ಸುಡುತ್ತದೆ. ಬಿಸಿನೀರಿನಲ್ಲಿ ಕಾಲಿಡಿಸಲೇಬೇಡಿ, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ನಮ್ಮಲ್ಲಿ ಸಿಗುವ ಇ.ಜಿ.ಎಫ್. ಜೆಲ್ (ಚರ್ಮದ ಕೋಶ ಬೆಳೆಸುವ ಪ್ರೋಟೀನಿನ ಮುಲಾಮು) ಕೂಡ ಕೆರೆದು ಶುಚಿ ಮಾಡಿದ, ರಕ್ತ ಹರಿಯುವ ಗಾಯಕ್ಕೆ ಮಾತ್ರ.

ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಕಟ್ಟು ಬಿಚ್ಚಿದಾಗ ಹುಣ್ಣಿನ ಉದ್ದ, ಅಗಲ ಅಳೆಸಿ ಬರೆದಿಡಿ. ಗುಣಿಸಿದ ಲೆಕ್ಕ ನಾಲ್ಕು ವಾರದಲ್ಲಿ ಅರ್ಧಕ್ಕಿಳಿಯದಿದ್ದರೆ ಚಿಕಿತ್ಸೆ ಬದಲಿಸಬೇಕು. ಕೆಟ್ಟ ವಾಸನೆ, ಜ್ವರ, ಹಬ್ಬುವ ಕೆಂಪು, ಬೆರಳು ಕಪ್ಪಾಗುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಕರೆದುಕೊಂಡು ಹೋಗಿ.