ದೇವರಿದ್ದಾನೆ, ದೇವರಿಲ್ಲ: ಎಷ್ಟು ಗಟ್ಟಿಯಾಗಿ ಹೇಳಬಹುದು?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಕಲಬುರಗಿ, ಬೀದರ, ಯಾದಗಿರಿಯಿಂದ ಈ ಸಲ ಬಂದ ಪತ್ರಗಳಲ್ಲಿ ನಂಬಿಕೆಯ ಮಾತೇ ಹೆಚ್ಚು. ನಂಬುವವರೂ ಬರೆದಿದ್ದಾರೆ, ನಂಬದವರೂ ಬರೆದಿದ್ದಾರೆ. ಇಬ್ಬರಿಗೂ ಒಂದೇ ಹಿಂಜರಿಕೆ: ಮನಸ್ಸಿನಲ್ಲಿದ್ದದ್ದನ್ನು ನಾಲ್ಕು ಜನರ ಮುಂದೆ ಹೇಳಬಹುದೇ?

ಪ್ರಶ್ನೆ: ನಾನು ದೇವರನ್ನು ನಂಬುವುದಿಲ್ಲ. ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಹಾಗಂತ ಬರೆದರೆ ‘ಭಾವನೆಗೆ ಧಕ್ಕೆ’ ಅಂತ ಕೇಸು ಬೀಳ್ತದ ಎಂದು ಗೆಳೆಯರು ಹೆದರಿಸುತ್ತಾರೆ. ಖರೇ ಏನ್ರಿ? (ಪದವಿ ವಿದ್ಯಾರ್ಥಿ, ಕಲಬುರಗಿ)

‘ದೇವರಿಲ್ಲ’ ಎನ್ನುವುದು ಅಪರಾಧವಲ್ಲ. ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ, ಸಾರುವ ಹಕ್ಕಿಗಿಂತ ಮೊದಲು ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಹೆಸರಿಸುತ್ತದೆ. ನಂಬದೆ ಇರುವುದೂ ಅದರೊಳಗೇ ಬಂತು. ಅದನ್ನು ಹೇಳುವ ಹಕ್ಕು 19ನೇ ವಿಧಿಯದು.

ಗೆಳೆಯರ ಮನಸ್ಸಿನಲ್ಲಿರುವ ಕಲಂ 1927ರಲ್ಲಿ ಐಪಿಸಿಗೆ ಸೇರಿದ 295ಎ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 299 ಆಗಿದೆ. ಶಿಕ್ಷೆ 3 ವರ್ಷದವರೆಗೆ, ಜಾಮೀನುರಹಿತ. ಹೆದರಿಕೆ ಹುಟ್ಟುವುದು ಇಲ್ಲಿಂದಲೇ. ಆದರೆ ಬೇಕೆಂದೇ, ದುರುದ್ದೇಶದಿಂದ ಒಂದು ಸಮುದಾಯದ ಧರ್ಮವನ್ನು ಹೀಯಾಳಿಸಿದರೆ ಮಾತ್ರ ಈ ಕಲಂ ಅನ್ವಯಿಸುತ್ತದೆ. ಎಲ್ಲ ಟೀಕೆಯೂ ಇದರಡಿ ಬರುವುದಿಲ್ಲ, ದುರುದ್ದೇಶದ ತೀವ್ರ ಅವಮಾನವಷ್ಟೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1957ರಲ್ಲೇ, ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಹೇಳಿತು.

‘ಹರಕೆ ಹೊತ್ತರೆ ಮಳೆ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ’ ಎಂದು ಬರೆದರೆ ಅದು ವಾದ. ಒಂದು ಓಣಿಯವರು ಪೂಜಿಸುವ ದೇವರ ಚಿತ್ರ ತಿರುಚಿ, ಹೊಲಸು ಮಾತು ಸೇರಿಸಿ, ಜಾತ್ರೆಯ ದಿನವೇ ಅದೇ ಓಣಿಯ ಗ್ರೂಪಿಗೆ ಹಾಕಿದರೆ ಕೇಸಿಗೆ ಸಾಮಗ್ರಿ ಸಿಕ್ಕಂತೆ. ಉದ್ದೇಶ ಯಾರ ಕಣ್ಣಿಗೂ ಕಾಣದು. ಅದನ್ನು ಪದ, ದಿನ, ಜಾಗ, ಗುರಿ ಈ ನಾಲ್ಕರಿಂದಲೇ ಅಳೆಯುತ್ತಾರೆ.

ದೂರು ಬಂದ ಕೂಡಲೇ ಎಫ್‌ಐಆರ್ ಆಗಲೇಬೇಕೆಂದಿಲ್ಲ. ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(3)ರಂತೆ 3ರಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಡಿವೈಎಸ್‌ಪಿ ಅನುಮತಿ ಪಡೆದು 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಮಾತಿಗೆ ಸಂಬಂಧಿಸಿದ ಇಂಥ ದೂರುಗಳಲ್ಲಿ ಈ ದಾರಿ ಹಿಡಿಯುವುದೇ ಸರಿ ಎಂದು 2025ರ ಮಾರ್ಚ್‌ನಲ್ಲಿ ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎದೆಗಟ್ಟಿ ಇರುವ, ವಿವೇಕವಿರುವ ಮನುಷ್ಯನಿಗೆ ಆ ಮಾತು ಹೇಗೆ ಕೇಳುತ್ತದೆ ಎಂಬುದೇ ಅಳತೆ. ಎಲ್ಲದರಲ್ಲೂ ಅಪಾಯ ಹುಡುಕುವವನ ಕಿವಿ ಅಳತೆಯಲ್ಲ. 299ರಡಿ ಪ್ರಕರಣವನ್ನು ಕೋರ್ಟ್ ಕೈಗೆತ್ತಿಕೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿಯೂ ಬೇಕು (ಸುರಕ್ಷಾ ಸಂಹಿತೆಯ 217ನೇ ಕಲಂ).

ಕೆಲಸ ಕೆಡುವುದು ಹೆಚ್ಚಾಗಿ ಎರಡು ಕಡೆ. ಒಂದು, ಫಾರ್ವರ್ಡ್. ‘ನಾನು ಬರೆದಿಲ್ಲ, ಕಳಿಸಿದೆ ಅಷ್ಟೇ’ ಎಂಬ ಮಾತು ನಿಲ್ಲುವುದಿಲ್ಲ. ನಿಮ್ಮದೇ ಮಾತಿನಲ್ಲಿ, ನಿಮ್ಮ ಹೆಸರಲ್ಲಿ ಬರೆಯಿರಿ. ಇನ್ನೊಂದು, ಗಾಬರಿ. ಯಾರಾದರೂ ಹೆದರಿಸಿದ ಕೂಡಲೇ ಎಲ್ಲ ಅಳಿಸಿ ಫೋನ್ ಬಂದ್ ಮಾಡುವುದು ತಪ್ಪು. ಹಿಂದು ಮುಂದಿನ ಸಂದೇಶಗಳ ಸಮೇತ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ನಿಮ್ಮ ವಾದಕ್ಕೆ ಸಂದರ್ಭವೇ ಸಾಕ್ಷಿ. ಹಾಜರಾಗಲು ಹೇಳಿ ಸುರಕ್ಷಾ ಸಂಹಿತೆಯ 35(3)ರ ನೋಟಿಸ್ ಬಂದರೆ ಹೇಳಿದ ದಿನ ವಕೀಲರೊಂದಿಗೆ ಠಾಣೆಗೆ ಹಾಜರಾಗಿ. ತಪ್ಪಿಸಿಕೊಂಡರೆ ಅದೇ ಬಂಧನಕ್ಕೆ ಕಾರಣವಾಗಬಹುದು. ನಿಮಗೇ ಜೀವಬೆದರಿಕೆ ಬಂದರೆ ಅದರ ದೂರನ್ನು ಬೇರೆಯಾಗಿಯೇ ಕೊಡಿ.

ಪ್ರಶ್ನೆ: ವಿಭೂತಿ ಹಚ್ಚಿಕೊಂಡು ಕಾಲೇಜಿಗೆ ಹೋಗುತ್ತೇನೆ, ಕೊರಳಲ್ಲಿ ಇಷ್ಟಲಿಂಗವಿದೆ. ‘ಇಷ್ಟು ಓದೀನೂ ಹಿಂಗಾ ಮೇಡಂ?’ ಎನ್ನುತ್ತಾರೆ ಜೊತೆಯವರು. ನಕ್ಕು ಸುಮ್ಮನಾಗಬೇಕೇ? (ಉಪನ್ಯಾಸಕಿ, ಬಸವಕಲ್ಯಾಣ)

ಸುಮ್ಮನಾಗಬೇಡಿ. ನಂಬದವರಿಗೆ ಎಷ್ಟು ಹಕ್ಕಿದೆಯೋ ನಂಬುವವರಿಗೂ ಅಷ್ಟೇ ಇದೆ. ನೀವಿರುವ ಊರಿನಲ್ಲಿ ಇದು ಇನ್ನೂ ಸ್ಪಷ್ಟವಾಗಬೇಕು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಗುಡಿ, ಜಾತಿ, ಶಕುನಗಳನ್ನು ಪ್ರಶ್ನಿಸಿದವರು ನಾಸ್ತಿಕರಲ್ಲ, ಗಾಢ ಭಕ್ತರು. ಭಕ್ತಿ ಇದ್ದವರಿಗೆ ವಿಚಾರವಿಲ್ಲ ಎನ್ನುವವರು ಆ ಚರಿತ್ರೆಯನ್ನು ಮರೆತಿದ್ದಾರೆ. ಪ್ರಶ್ನೆ ಕೇಳುವವರೆಲ್ಲ ಧರ್ಮದ್ರೋಹಿಗಳು ಎನ್ನುವವರೂ ಅದನ್ನೇ ಮರೆತಿದ್ದಾರೆ.

ಇಂಥ ಮಾತಿನ ಅಳತೆಗೆ ನಮ್ಮ ನೆಲದಲ್ಲೇ ಒಂದು ಕಲ್ಲಿದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿ, ಭೀಮಾ ದಂಡೆ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಕಾ ಗುಡಿಯ ಮಾಳಿಗೆ ಕುಸಿದು ಮೂರ್ತಿ ಒಡೆದಾಗ, ಅದರ ಪೀಠದ ಚಪ್ಪಡಿಯಲ್ಲಿ ಬ್ರಾಹ್ಮಿ ಅಕ್ಷರಗಳು ಕಂಡವು. ಅಶೋಕನ ಪ್ರಾಕೃತ ಶಾಸನ. ಮೂರ್ತಿ ಕೂರಿಸಲು ಕೊರೆದ ಚೌಕದ ಜಾಗದಲ್ಲಿ ಅಕ್ಷರ ಹೋಗಿವೆ, ಸುತ್ತ ಉಳಿದಿವೆ. ಅದರಲ್ಲಿ ಅಶೋಕನ ಬಂಡೆಶಾಸನಗಳ ಸಾಲಿನ 12ನೇ ಶಾಸನದ ಭಾಗವೂ ಇದೆ. ಆ ಶಾಸನ ಪೂರ್ತಿ ಮಾತಿನ ಹಿಡಿತದ ಬಗ್ಗೆಯೇ. ಪ್ರಸಂಗವಿಲ್ಲದೆ ತನ್ನ ಪಂಥವನ್ನು ಹೊಗಳಬೇಡ, ಪರರದನ್ನು ಹಳಿಯಬೇಡ. ಪ್ರಸಂಗ ಬಂದರೂ ಮಿತವಾಗಿ ಆಡು. ಪರರದನ್ನು ಹಳಿದು ತನ್ನದನ್ನು ಎತ್ತಿದವನು ತನ್ನದಕ್ಕೇ ಹಾನಿ ಮಾಡುತ್ತಾನೆ, ಇದು ಅದರ ಸಾರ. ಟೀಕೆಯೇ ಬೇಡ ಎಂದು ಅದು ಹೇಳುವುದಿಲ್ಲ ಎಂಬುದನ್ನು ಗಮನಿಸಿ. ಪ್ರಸಂಗ ಬೇಕು, ಮಿತಿ ಬೇಕು.

ಸ್ಟಾಫ್ ರೂಮಿನಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗ ಯಾರದೋ ಹಣೆಯ ಬಗ್ಗೆ ಆಡುವ ಮಾತಿಗೆ ಪ್ರಸಂಗವಿಲ್ಲ. ಹೀಗೆ ಹೇಳಿ ನೋಡಿ: ‘ಸರ್, ನನ್ನ ಪಾಠದಾಗ ತಪ್ಪಿದ್ರ ಈಗೇ ಹೇಳ್ರಿ. ವಿಭೂತಿ ಬಗ್ಗೆ ಖರೇನೇ ತಿಳಕೋಬೇಕಂದ್ರ ಮಧ್ಯಾಹ್ನ ಚಾ ಕುಡೀತಾ ಕೂತು ಮಾತಾಡೂನು.’ ಕುತೂಹಲ ಇದ್ದವರು ಮಧ್ಯಾಹ್ನ ಬರುತ್ತಾರೆ. ಉಳಿದವರು ಅಲ್ಲಿಗೇ ನಿಲ್ಲಿಸುತ್ತಾರೆ.

ಒಂದು ಎಚ್ಚರ ನಿಮ್ಮ ಕಡೆಯಿಂದಲೂ ಇರಲಿ. ವಿಭೂತಿ ನಿಮ್ಮ ಹಕ್ಕು. ಪಾಠದ ಹೊತ್ತಿನಲ್ಲಿ ವಿದ್ಯಾರ್ಥಿಗಳಿಗೆ ಅದನ್ನು ಹಚ್ಚಿಕೊಳ್ಳಲು ಹೇಳುವುದು ಬೇರೆ ಮಾತು. ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ 28ನೇ ವಿಧಿ. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಸಂಸ್ಥೆಯಲ್ಲೂ ಒಪ್ಪಿಗೆ ಇಲ್ಲದೆ ಯಾರನ್ನೂ ಪೂಜೆಗೆ, ಪ್ರಾರ್ಥನೆಗೆ ಕೂರಿಸುವಂತಿಲ್ಲ. ಮಕ್ಕಳಾದರೆ ಪಾಲಕರ ಒಪ್ಪಿಗೆ ಬೇಕು.

ಪ್ರಶ್ನೆ: ಗುಡಿ, ಮಸೀದಿ, ಚರ್ಚು ಎಲ್ಲಕ್ಕೂ ಮೈಕು ಇದೆ. ವಿಚಾರವಾದಿಗಳ ಸಭೆಗೆ ಮೈಕಿನ ಅನುಮತಿ ಸಿಗುತ್ತದೆಯೇ? (ಓದುಗರು, ಬೀದರ)

ಸಿಗುತ್ತದೆ, ನಿಯಮ ಎಲ್ಲರಿಗೂ ಒಂದೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಹಚ್ಚುವಂತಿಲ್ಲ. ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಬಹುದು, ಅಲ್ಲಿ 50 ಮತ್ತು 40. ಅರ್ಜಿಯಲ್ಲಿ ಜಾಗ, ದಿನ, ಶುರುವಾಗುವ ಮತ್ತು ಮುಗಿಯುವ ಹೊತ್ತು, ಎಷ್ಟು ಹಾರ್ನ್, ಎಷ್ಟು ಜನ, ಯಾರು ಜವಾಬ್ದಾರರು ಎಂಬುದೆಲ್ಲ ಇರಲಿ. ಠಾಣೆಯಲ್ಲಿ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ‘ಹೂಂ, ಮಾಡ್ಕೋರಿ’ ಎಂಬ ಬಾಯಿಮಾತು ನಂಬಿ ಪೆಂಡಾಲ್ ಹಾಕಿದವರ ಸಭೆ ಅರ್ಧಕ್ಕೆ ನಿಲ್ಲುತ್ತದೆ. ಜಾತ್ರೆ, ಉರುಸಿನ ದಿನ ಮತ್ತು ಅದರ ದಾರಿ ಬಿಟ್ಟು ಬೇರೆ ದಿನ, ಬೇರೆ ಜಾಗ ಆರಿಸಿ. ಇದು ಹೆದರಿಕೆಯ ಮಾತಲ್ಲ, ಕೇಳುವವರು ಸಿಗಬೇಕಲ್ಲ.

ಪ್ರಶ್ನೆ: ಜನಗಣತಿಯವರು ಬಂದಾಗ ‘ಧರ್ಮ ಇಲ್ಲ’ ಎಂದು ಬರೆಸಬಹುದೇ? ಕೋರ್ಟಿನಲ್ಲಿ ಸಾಕ್ಷಿ ಹೇಳುವಾಗ ದೇವರ ಹೆಸರು ಹೇಳಲೇಬೇಕೇ? (ನಿವೃತ್ತ ನೌಕರರು, ಸೇಡಂ)

ಬರೆಸಬಹುದು. ಗಣತಿದಾರರು ಮನೆಯ ಹೆಸರು ನೋಡಿ ತಾವೇ ತುಂಬಿಬಿಡುವುದುಂಟು. ಧರ್ಮದ ಕಾಲಂ ಬಂದಾಗ ತಡೆದು ಹೇಳಿ, ಬರೆದದ್ದನ್ನು ಓದಿಸಿ. 2011ರ ಗಣತಿಯಲ್ಲಿ ‘ಧರ್ಮ ತಿಳಿಸಿಲ್ಲ’ ಎಂಬ ಲೆಕ್ಕದಲ್ಲಿ ಬಂದವರು ದೇಶದಲ್ಲಿ ಸುಮಾರು 28.7 ಲಕ್ಷ. ಮನೆಯ ಬೇರೆಯವರ ಪರವಾಗಿ ನೀವು ಉತ್ತರಿಸಬೇಡಿ, ಅವರ ಧರ್ಮ ಅವರೇ ಹೇಳಲಿ. 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ಆ ದಾಖಲೆ ಗೋಪ್ಯ. ಆದ್ದರಿಂದ ಮಕ್ಕಳ ಜಾತಿ ಪ್ರಮಾಣಪತ್ರಕ್ಕೆ ಅದರಿಂದ ತೊಂದರೆಯಿಲ್ಲ. ಪರಿಶಿಷ್ಟ ಜಾತಿಯವರು ಬೇರೆ ಸರ್ಕಾರಿ ಅರ್ಜಿಗಳಲ್ಲಿ ‘ಧರ್ಮ ಇಲ್ಲ’ ಎಂದು ಬರೆಯುವ ಮೊದಲು ಮಾತ್ರ ವಕೀಲರನ್ನು ಕೇಳಿ. 1950ರ ಪರಿಶಿಷ್ಟ ಜಾತಿಗಳ ಆದೇಶ ಆ ಸ್ಥಾನಮಾನವನ್ನು ಹಿಂದೂ, ಸಿಖ್, ಬೌದ್ಧ ಧರ್ಮಗಳಿಗೆ ಕಟ್ಟಿಹಾಕಿದೆ.

ಕೋರ್ಟಿನಲ್ಲಿ 1969ರ ಪ್ರಮಾಣ ಕಾಯ್ದೆ ಎರಡೂ ದಾರಿ ಕೊಟ್ಟಿದೆ: ದೇವರ ಹೆಸರಲ್ಲಿ ಆಣೆ, ಇಲ್ಲವೇ ಸತ್ಯನಿಷ್ಠೆಯ ದೃಢೀಕರಣ. ಕಟಕಟೆ ಹತ್ತುವ ಮೊದಲೇ ನಿಮ್ಮ ವಕೀಲರಿಗೆ ತಿಳಿಸಿಡಿ.

ಪ್ರಶ್ನೆ: ಮನೆಯ ಪೂಜೆಯಲ್ಲಿ ಕೂರಲು ಮನಸ್ಸಿಲ್ಲ. ಹೇಳಿದರೆ ಅತ್ತೆಗೆ ನೋವು, ಹೇಳದಿದ್ದರೆ ನನಗೆ. (ಗೃಹಿಣಿ, ಶಹಾಪುರ)

ಪೂಜೆಯ ದಿನ, ನೆಂಟರ ಮುಂದೆ ಹೇಳಬೇಡಿ. ವಾರ ಮೊದಲು, ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ಹೇಳಿ. ‘ಇಲ್ಲ’ ಎನ್ನುವ ಮಾತಿನ ಜೊತೆಗೇ ‘ಇದನ್ನ ಮಾಡ್ತೀನಿ’ ಎಂಬುದೂ ಇರಲಿ: ‘ಅತ್ತೀ, ನನಗ ನಂಬಿಕಿ ಇಲ್ರಿ, ಸುಳ್ಳೇ ಕೈ ಮುಗದ್ರ ನಿಮ್ಮ ದೇವರಿಗೂ ಮೋಸ ಮಾಡ್ದಂಗ. ಪೂಜಿಗಿ ನೀವು ಕೂಡ್ರಿ, ಹೋಳಿಗಿ ನಾ ಮಾಡ್ತೀನಿ, ಬಂದವರಿಗೆ ಬಡಸ್ತೀನಿ.’ ಪ್ರಸಾದ ಕೊಟ್ಟರೆ ತಿನ್ನಿ, ಅದು ಕೊಟ್ಟವರ ಪ್ರೀತಿ. ಗಂಡನಿಂದ ಹೇಳಿಸಬೇಡಿ, ಆಗ ಅದು ಅತ್ತೆ-ಸೊಸೆ ಜಗಳದ ಬಣ್ಣ ತಾಳುತ್ತದೆ.

ಪ್ರಶ್ನೆ: 2027ರ ಆಗಸ್ಟ್ 2ರ ಸೂರ್ಯಗ್ರಹಣಕ್ಕೆ ಊರಿನಲ್ಲಿ ಕಾರ್ಯಕ್ರಮ ಮಾಡುವ ಆಸೆ. ಭಕ್ತರ ಮನಸ್ಸು ನೋಯಿಸದೆ ಮಾಡುವುದು ಹೇಗೆ? (ಯುವಕ ಸಂಘ, ಕಲಬುರಗಿ ತಾಲ್ಲೂಕು)

ನಿಮ್ಮ ತಾಲ್ಲೂಕಿನಲ್ಲಿ ಇದು ಆಗಲೇಬೇಕಾದ ಕೆಲಸ. 2019ರ ಡಿಸೆಂಬರ್ 26ರ ಗ್ರಹಣದ ದಿನ ತಾಜ್ ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು, ಗುಣವಾಗಲಿ ಎಂದು, ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದರು. ಆ ತಾಯಂದಿರನ್ನು ಮೂಢರೆಂದು ಬೈದರೆ ಒಂದು ಮಗುವೂ ಹೊರಬರುವುದಿಲ್ಲ. ಎಲ್ಲ ಕಡೆ ಅಲೆದು ಸೋತವರು ಅವರು. ಆದ್ದರಿಂದ ಮೊದಲು ಮಾಡಬೇಕಾದ್ದು ಭಾಷಣವಲ್ಲ. ಗ್ರಹಣಕ್ಕೆ ಒಂದು ತಿಂಗಳ ಮೊದಲು ಆಶಾ ಕಾರ್ಯಕರ್ತೆಯ ಜೊತೆ ಕೂತು ಊರಿನ ಅಂಗವಿಕಲ ಮಕ್ಕಳ ಪಟ್ಟಿ ಮಾಡಿ. ಯಾರಿಗೆ ಫಿಸಿಯೊಥೆರಪಿ ಸಿಕ್ಕಿಲ್ಲ, ಯಾರಿಗೆ ಪಿಂಚಣಿ ಬಂದಿಲ್ಲ ನೋಡಿ, ಆ ಕೆಲಸ ಹಿಡಿಯಿರಿ. ಆಮೇಲೆ ನಿಮ್ಮ ಮಾತಿಗೆ ಆ ಮನೆಯಲ್ಲಿ ಜಾಗ ಸಿಗುತ್ತದೆ.

ಜೀವಕ್ಕೆ ಅಪಾಯ ಕಂಡರೆ ಮಾತ್ರ ಮನಸ್ಸು ನೋಯುತ್ತದೆಂದು ಕಾಯಬೇಡಿ, 112ಕ್ಕೆ ಫೋನ್ ಮಾಡಿ. 2017ರಲ್ಲಿ ಆಗಿ 2020ರಲ್ಲಿ ಜಾರಿಗೆ ಬಂದ ರಾಜ್ಯದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ ಇದೆ. ಅದು ಪೂಜೆ, ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆಗಳನ್ನು ಮುಟ್ಟುವುದಿಲ್ಲ. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವಂಥದ್ದನ್ನು ತಡೆಯುತ್ತದೆ. ಈ ಗೆರೆಯನ್ನು ಸಭೆಯಲ್ಲಿ ಓದಿ ಹೇಳಿ, ಭಕ್ತರ ಅರ್ಧ ಅನುಮಾನ ಅಲ್ಲೇ ಹೋಗುತ್ತದೆ. ಯಾದಗಿರಿಯ ಮೈಲಾಪುರ ಜಾತ್ರೆಯಲ್ಲಿ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವುದನ್ನು ಜಿಲ್ಲಾಡಳಿತ ನಿಷೇಧಿಸಿದೆ, ಮಲ್ಲಯ್ಯನ ಜಾತ್ರೆ ನಿಂತಿಲ್ಲ ಎಂಬುದನ್ನೂ ಹೇಳಿ.

ಇನ್ನು ಗ್ರಹಣ ತೋರಿಸುವುದು. ನಮ್ಮಲ್ಲಿ ಅದು ಪಾರ್ಶ್ವ ಗ್ರಹಣ, ಅದೂ ಸೂರ್ಯ ಪಡುವಣಕ್ಕೆ ಇಳಿದ ಮೇಲೆ. ಹಾಗಾಗಿ ಪಶ್ಚಿಮ ಬಯಲಿರುವ, ಆ ಕಡೆಗೆ ಮುಖ ಮಾಡಿದ ಸುಣ್ಣದ ಗೋಡೆ ಇರುವ ಜಾಗ ಹುಡುಕಿ. ಒಂದು ರಟ್ಟಿನ ನಡುವೆ ಎರಡು ಇಂಚಿನ ಕಿಂಡಿ ಕತ್ತರಿಸಿ ಅಲ್ಯೂಮಿನಿಯಂ ಹಾಳೆ ಅಂಟಿಸಿ, ಗುಂಡುಸೂಜಿಯಿಂದ 1 ಮಿಲಿಮೀಟರ್ ತೂತು ಮಾಡಿ. ಗೋಡೆಯಿಂದ 1 ಮೀಟರ್ ದೂರ ಹಿಡಿದರೆ ಸುಮಾರು 9 ಮಿಲಿಮೀಟರ್ ಅಗಲದ ಸೂರ್ಯ ಮೂಡುತ್ತಾನೆ, 2 ಮೀಟರಿಗೆ ಅದರ ಎರಡರಷ್ಟು, ಆದರೆ ಮಂಕು. ಮೊಳೆಯಿಂದ ತೂತು ಮಾಡಿದರೆ ಚಿತ್ರ ಕಲಸಿಹೋಗುತ್ತದೆ. ಮನೆಯ ಸಾಣಿಗೆ ಹಿಡಿದರೂ ಸಾಕು, ತೂತಿಗೊಂದು ಸೂರ್ಯ ಕಾಣುತ್ತಾನೆ. ನೇರ ನೋಡುವವರಿಗೆ ಐಎಸ್‌ಒ 12312-2 ಗುರುತಿನ ಕನ್ನಡಕವೇ ಬೇಕು. ಎಕ್ಸ್‌ರೇ ಹಾಳೆ, ಮಸಿ ಹಚ್ಚಿದ ಗಾಜು, ತಂಪು ಕನ್ನಡಕ ಬೇಡ.

ಸುಸಲಾ, ಭಜಿ, ಚಾ ಇಟ್ಟಿರಿ. ಗ್ರಹಣದಲ್ಲಿ ತಿನ್ನುವವರು ತಾವೇ ಬಂದು ತಿನ್ನಲಿ. ಉಪವಾಸ ಇದ್ದವರ ಕೈಗೆ ತಟ್ಟೆ ಕೊಟ್ಟು ಫೋಟೊ ತೆಗೆಯಬೇಡಿ. ಆಗಸ್ಟ್ ಆದ್ದರಿಂದ ಮೋಡ ಮುಚ್ಚಬಹುದು. ಪಂಚಾಯಿತಿ ಹಾಲಿನಲ್ಲಿ ಬಲ್ಬು, ಚೆಂಡು, ನಿಂಬೆಹಣ್ಣು ಹಿಡಿದು ತೋರಿಸುವ ಏರ್ಪಾಡು ಇಟ್ಟುಕೊಳ್ಳಿ. ರಟ್ಟಿನ ಕಿಂಡಿಯನ್ನು ಹಿಂದಿನ ಸಂಜೆಯೇ, ಅದೇ ಹೊತ್ತಿಗೆ, ಅದೇ ಗೋಡೆಯ ಮುಂದೆ ಒಮ್ಮೆ ಹಿಡಿದು ನೋಡಿ.