ಡಿಸೈನ್ ಲೀಡ್ (ಆ್ಯಪ್ ವಿನ್ಯಾಸ ತಂಡದ ಮುಖ್ಯಸ್ಥ) ಆದಮೇಲೂ ಆ್ಯಪ್ ಬಳಸುವವರನ್ನೆಲ್ಲ ಕೇಳಿಯೇ ಸ್ಕ್ರೀನ್ ಬಿಡಿಸಬೇಕಾ?

ಹೌದು, ಆಮೇಲೇ ಜಾಸ್ತಿ. ಬೆಂಗಳೂರಲ್ಲಿ ಬಟನ್ ಬಿಡಿಸುತ್ತ ಶುರುಮಾಡಿದವ ನಾನು. ಈಗ ಶಿರಸಿಯ ಮನೆಯಿಂದಲೇ ತಂಡ ನಡೆಸುತ್ತೇನೆ. ಅಡಿಕೆ ಮಾರಾಟದ ಆ್ಯಪ್‌ಗೆ ‘ಗ್ರೇಡ್ ಎ, ಬಿ, ಸಿ’ ಅಂತ ಚೆಂದದ ಪಟ್ಟಿ ಮಾಡಿದ್ದೆವು. ಹಿರಿಯ ಬೆಳೆಗಾರರೊಬ್ಬರು ಕನ್ನಡಕ ಏರಿಸಿ ನೋಡಿ, "ತಮಾ, ಇದ್ರಲ್ಲಿ ಚಾಲಿ ಎಲ್ಲಿದ್ದು, ರಾಶಿ ಎಲ್ಲಿದ್ದು?" ಅಂದರು. ಇವು ನಮ್ಮ ಕಡೆ ಮಾರುವ ಅಡಿಕೆಯ ಬಗೆಗಳು. ಪೆನ್ನು ಅವರ ಕೈಗೇ ಕೊಟ್ಟೆ. ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಲ್ಲ ಸಾಲಾಗಿ ಬರೆದರು.

ಬಳಸುವವರನ್ನೇ ಕೇಳಿ ವಿನ್ಯಾಸ ಮಾಡುವುದು ನನ್ನ ಶೋಧವೇನಲ್ಲ. 1970ರ ದಶಕದಲ್ಲೇ ನಾರ್ವೆಯ ಲೋಹ ಕಾರ್ಮಿಕರ ಸಂಘ, ವಿಜ್ಞಾನಿ ಕ್ರಿಸ್ಟನ್ ನೈಗಾರ್ಡ್ ಜತೆ ಸೇರಿ, ಕಾರ್ಖಾನೆಗೆ ಬರುವ ಕಂಪ್ಯೂಟರ್ ವಿಷಯದಲ್ಲಿ ಕಾರ್ಮಿಕರ ಮಾತೂ ನಡೆಯಬೇಕೆಂದು ಕೆಲಸ ಮಾಡಿತ್ತು.

ಹಾಗಂತ ಹೇಳಿದ್ದನ್ನೆಲ್ಲ ಸ್ಕ್ರೀನಿಗೆ ತುರುಕಬೇಡಿ. ಯಾವುದನ್ನು ಬಿಡಬೇಕು ಅಂತ ಹೇಳಿ ನಿಷ್ಠುರ ಆಗುವ ಕೆಲಸ ಲೀಡ್‌ದೇ.