ಹೊಸ ಮನೆ, ಎರೆ ಮಣ್ಣು: ಕೈತೋಟದ ಪ್ರಶ್ನೋತ್ತರ

ಪ್ರಶ್ನೆ: ದಾವಣಗೆರೆಯ ಹೊರವಲಯದಲ್ಲಿ 40×60 ನಿವೇಶನದ ಮನೆ ಕೊಂಡಿದ್ದೇವೆ. ಕಟ್ಟಿ ಎಂಟು ವರ್ಷವಾಗಿದೆ. ಮುಂದೆ 12 ಅಡಿ, ಹಿಂದೆ 15 ಅಡಿ, ಎಡಕ್ಕೆ 5 ಅಡಿ ಜಾಗವಿದೆ. ಪೂರ್ತಿ ಎರೆ ಮಣ್ಣು. ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಂದರೆ ಗೋಡೆ ಬುಡದಲ್ಲೇ ನೀರು ನಿಲ್ಲುತ್ತದೆ. ಮುಂದೆ ಲಾನ್, ಹಿಂದೆ ಮಾವು, ತೆಂಗು, ಒಂದಿಷ್ಟು ಸೊಪ್ಪು ತರಕಾರಿ ಮಾಡುವ ಆಸೆ. ನಾಲ್ಕು ಲೋಡು ಮರಳು ಸುರಿಸಿದರೆ ಮಣ್ಣು ಹಗುರಾಗುತ್ತದೆ ಅಂತಾರೆ ಮೇಸ್ತ್ರಿ. ಎಲ್ಲಿಂದ ಶುರು ಮಾಡೋಣ?

ಉತ್ತರ: ಮರಳು ಬೇಡ. ಲೋಡು ಗೇಟಿನ ಮುಂದೆ ಬಿದ್ದ ಮೇಲೆ ಹೇಳಿ ಫಲವಿಲ್ಲ, ಅದಕ್ಕೇ ಈ ಮಾತು ಮೊದಲು. ಒಟ್ಟು ಮಣ್ಣಿನಲ್ಲಿ ಅರ್ಧಕ್ಕಿಂತ ಹೆಚ್ಚು ಮರಳೇ ಆದರೆ ಮಾತ್ರ ಎರೆಯ ಗುಣ ಬದಲಾಗುತ್ತದೆ. ಅದಕ್ಕಿಂತ ಕಡಿಮೆ ಹಾಕಿದರೆ ಜೇಡಿಯ ಸಣ್ಣ ಕಣಗಳು ಮರಳಿನ ಸಂದುಗಳನ್ನು ತುಂಬಿಕೊಳ್ಳುತ್ತವೆ. ಒಣಗಿದಾಗ ಸಿಗುವುದು ಇಟ್ಟಿಗೆ.

ಗಿಡದ ಮಾತು ಆಮೇಲೆ, ಮೊದಲು ಗೋಡೆ ಬುಡದ ನೀರು. ಎರೆ ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮನೆಯ ಒಂದು ಮಗ್ಗುಲು ಮಾತ್ರ ಹೀಗೆ ಏರಿಳಿದರೆ ಕಿಟಕಿಯ ಮೂಲೆಯಿಂದ ಓರೆ ಬಿರುಕು ಹೊರಡುತ್ತದೆ. ಆದ್ದರಿಂದ ಮನೆಯ ಸುತ್ತ ಮೂರು ಅಡಿ ಅಗಲದ ಪಟ್ಟಿಯಲ್ಲಿ ಗಿಡವೂ ಇಲ್ಲ, ನೀರು ಹಾಯಿಸುವುದೂ ಇಲ್ಲ. ಅಲ್ಲಿ ಕಾಂಕ್ರೀಟ್ ಹಾಕಿಸಿ, ಇಲ್ಲವೇ ಕಲ್ಲುಚಪ್ಪಡಿ ಹಾಸಿ ಸಂದು ಮುಚ್ಚಿಸಿ. ಮೂರು ಅಡಿಗೆ ಒಂದು ಇಂಚಿನಂತೆ ಗೋಡೆಯಿಂದ ಹೊರಕ್ಕೆ ಇಳಿಜಾರಿರಲಿ. ಇಳಿಜಾರನ್ನು ಕಣ್ಣಂದಾಜಿಗೆ ಬಿಡದೆ, ಮೇಸ್ತ್ರಿಯಿಂದ ನೀರು ತುಂಬಿದ ಪೈಪಿನಲ್ಲಿ ಮಟ್ಟ ಹಿಡಿಸಿ. ಎಡಗಡೆಯ ಐದು ಅಡಿಯಲ್ಲಿ ಈ ಪಟ್ಟಿ ಕಳೆದರೆ ಉಳಿಯುವುದು ಎರಡೇ ಅಡಿ. ಅದನ್ನು ಓಡಾಟಕ್ಕೆ, ಪೈಪುಗಳಿಗೆ ಬಿಟ್ಟುಬಿಡಿ.

ಚಾವಣಿಯ ನೀರು ಕೂಡ ಗೋಡೆ ಪಕ್ಕವೇ ಸುರಿಯುತ್ತಿರಬಹುದು, ನೋಡಿ. 1,000 ಚದರ ಅಡಿ ಚಾವಣಿಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 2,300 ಲೀಟರ್. ಅದರಲ್ಲಿ ಶೇ. 80ರಷ್ಟನ್ನಾದರೂ ಸೋಸಿ ಸಂಪಿನ ತೊಟ್ಟಿಗೆ ಇಳಿಸಬಹುದು. ಬೋರಿನ ಗಡಸು ನೀರಿಗಿಂತ ಗಿಡಕ್ಕೆ ಇದೇ ಮೇಲು. ಸಂಪು ತುಂಬಿ ಹೆಚ್ಚಾದದ್ದು ರಸ್ತೆ ಬದಿಯ ಮಳೆನೀರಿನ ಚರಂಡಿಗೆ ಹೋಗಲಿ. ಎರೆಯಲ್ಲಿ ಮನೆ ಪಕ್ಕ ಇಂಗುಗುಂಡಿ ತೋಡಿದರೆ ನೀರು ಇಂಗದೆ ಅಡಿಪಾಯವನ್ನೇ ನೆನೆಸುತ್ತದೆ.

ಮುಂದಿನದು ಅಗೆತ. ನಾಲ್ಕು ಕಡೆ ಒಂದೂವರೆ ಅಡಿ ಆಳಕ್ಕೆ ಗುದ್ದಲಿ ಹಾಕಿ ನೋಡಿ. ಮನೆ ಕಟ್ಟಿದವರು ಉಳಿದ ಗಾರೆ, ಟೈಲ್ಸ್ ಚೂರು, ಸಿಮೆಂಟ್ ಚೀಲಗಳನ್ನು ಅಂಗಳದಲ್ಲೇ ಹೂಳುವುದು ಮಾಮೂಲಿ. ಸಿಕ್ಕಷ್ಟನ್ನೂ ತೆಗೆಸಿ. ಒಂದು ಚಮಚ ಒಣ ಮಣ್ಣಿನ ಮೇಲೆ ವಿನೆಗರ್ ಹನಿಸಿ: ಬುರುಗೆದ್ದರೆ ಸುಣ್ಣವಿದೆ ಎಂದರ್ಥ. ಗಾರೆಯಿಂದಲೂ ಬರುತ್ತದೆ, ಎರೆಯಲ್ಲಿ ತಾನಾಗಿಯೂ ಇರುತ್ತದೆ. ಇಂಥ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಬೇರಿಗೆ ದಕ್ಕುವುದಿಲ್ಲ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದೇ ಲಕ್ಷಣ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕಲಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಬರೀ ಯೂರಿಯಾ ಹಾಕಿ ಹಸಿರು ಬರಲಿಲ್ಲ ಎನ್ನುವವರೇ ಹೆಚ್ಚು. ಅಂಗಡಿಯವರು ಜಿಪ್ಸಂ ಕೊಡಬಹುದು. ಮಣ್ಣಿನಲ್ಲಿ ಸೋಡಿಯಂ ಹೆಚ್ಚಿದ್ದರೆ ಮಾತ್ರ ಅದರಿಂದ ಉಪಯೋಗ, ಪರೀಕ್ಷೆ ಮಾಡಿಸದೆ ಹಾಕಬೇಡಿ. ಐದಾರು ಕಡೆಯ ಆರು ಇಂಚು ಆಳದ ಮಣ್ಣು ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆ.ಜಿ. ಮಾದರಿ ಮಾಡಿಕೊಳ್ಳಿ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಎರೆಯನ್ನು ಹಗುರ ಮಾಡುವುದು ಕೊಟ್ಟಿಗೆ ಗೊಬ್ಬರ, ಅದೂ ಚೆನ್ನಾಗಿ ಕಳಿತದ್ದು. ಎರಡು ಇಂಚು ದಪ್ಪ ಹರಡಿ ಮೇಲಿನ ಆರು ಇಂಚಿಗೆ ಬೆರೆಸಿ. 200 ಚದರ ಅಡಿಗೆ ಸುಮಾರು 33 ಘನ ಅಡಿ ಬೇಕು. ಹದ ನೋಡಿ ಅಗೆಯಿರಿ: ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಎದೆಮಟ್ಟದಿಂದ ಬಿಡಿ. ಬಿದ್ದು ಪುಡಿಯಾದರೆ ಹದ, ಚಪ್ಪಟೆಯಾಗಿ ಕೂತರೆ ಇನ್ನೂ ಎರಡು ದಿನ ಕಾಯಿರಿ. ಹಸಿಯಲ್ಲಿ ತುಳಿದ ಎರೆ ಹೆಂಟೆ ಕಟ್ಟಿತೆಂದರೆ ಆ ವರ್ಷ ಬಿಡಿಸಲಾಗದು. ಮಣ್ಣು, ಕಲ್ಲು, ಪೈಪಿನ ಕೆಲಸ ಬೇಸಿಗೆಯಲ್ಲೇ ಮುಗಿದಿದ್ದರೆ ಮೃಗಶಿರ ಮಳೆ ಹಿಡಿದ ಮೇಲೆ ನೆಡಬಹುದು.

ಲಾನಿನ ಲೆಕ್ಕ ಹೀಗಿದೆ. ಗೇಟು, ಕಾರಿನ ಜಾಗ, ಗೋಡೆಯ ಪಟ್ಟಿ ಕಳೆದು ಮುಂದೆ 200 ಚದರ ಅಡಿ ಉಳಿಯಿತೆನ್ನಿ. ಏಪ್ರಿಲ್ ಬಿಸಿಲಿಗೆ ದಿನಕ್ಕೆ 5 ಮಿ.ಮೀ. ನೀರೆಂದರೂ 90 ಲೀಟರ್ ಮೀರುತ್ತದೆ, ಆರು ಕೊಡ. ಅಷ್ಟು ನೀರಿದ್ದು, ಐದಾರು ಗಂಟೆ ಬಿಸಿಲು ಬೀಳುವುದಾದರೆ ಗರಿಕೆ ಜಾತಿಯ ಹುಲ್ಲು ಹಾಕಿ. ಇಲ್ಲವಾದರೆ ಮಕ್ಕಳು ಕೂರಲು 60 ಚದರ ಅಡಿ ಹುಲ್ಲು ಸಾಕು, ಮಿಕ್ಕ ಕಡೆ ದಾಸವಾಳ, ನಂದಿಬಟ್ಟಲು, ದುಂಡುಮಲ್ಲಿಗೆ ಬರಲಿ.

ಹಿತ್ತಲಿಗೆ ತೆಂಗು ಬೇಡ. ಗರಿ ಸುತ್ತಲೂ ಹತ್ತು ಹನ್ನೆರಡು ಅಡಿ ಚಾಚುತ್ತದೆ. ಕಾಯಿ ನಿಮಗೆ, ಗರಿ ಪಕ್ಕದ ಮನೆಯ ಸೋಲಾರಿಗೆ. ಮಾವಿನಲ್ಲಿ ಗಿಡ್ಡ ತಳಿ ಆಮ್ರಪಾಲಿ ತನ್ನಿ, ಒಂದೇ ಗಿಡ. ಕಾಂಪೌಂಡಿನಿಂದ ನಾಲ್ಕು ಅಡಿ ಒಳಗೆ, ಮನೆಯಿಂದ ಹನ್ನೊಂದು ಅಡಿ ದೂರಕ್ಕೆ ನೆಟ್ಟು, ಕಾಯಿ ಮುಗಿದ ಕೂಡಲೇ ಪ್ರತಿ ವರ್ಷ ಸವರಿ ಹತ್ತು ಅಡಿಯೊಳಗೆ ಇರಿಸಿಕೊಳ್ಳಿ. ಎರೆಯಲ್ಲಿ ಆಳದ ಗುಂಡಿ ತೋಡಿ ಕೆಮ್ಮಣ್ಣು ತುಂಬಿದರೆ ಅದು ಬಕೆಟ್ಟಿನಂತೆ ನೀರು ಹಿಡಿದು ಬೇರು ಕೊಳೆಸುತ್ತದೆ. ಬದಲಿಗೆ ಐದು ಅಡಿ ಅಗಲ, ಒಂದು ಅಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಿ. ಕಸಿ ಕಟ್ಟಿದ ಗಂಟು ಮಣ್ಣಿಗೆ ತಾಗಕೂಡದು. ತರಕಾರಿಗೂ ನಾಲ್ಕು ಅಡಿ ಅಗಲದ ಏರು ಮಡಿಯೇ ಸರಿ, ಎರಡೂ ಕಡೆಯಿಂದ ಕೈಗೆಟಕುತ್ತದೆ. ಬೇಸಿಗೆಯ ಬಿರುಕಿಗೆ ಹೊದಿಕೆಯೊಂದೇ ಮದ್ದು: ಭತ್ತದ ಹುಲ್ಲು, ಮೆಕ್ಕೆಜೋಳದ ದಂಟು, ಚನ್ನಗಿರಿ ಕಡೆಯಿಂದ ತರಿಸಿದರೆ ಅಡಿಕೆ ಸಿಪ್ಪೆ. ಮೂರು ಇಂಚು ದಪ್ಪವಿರಲಿ, ಕಾಂಡಕ್ಕೆ ತಾಗದಿರಲಿ.

ಪ್ರಶ್ನೆ: ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಗಿಡಕ್ಕೆ ಹಾಕಬಹುದೇ? (ದಾವಣಗೆರೆ)

ಉತ್ತರ: ಬೋರ್ ನೀರಾದರೆ ಬೇಡ. ಕುಡಿಯುವ ನೀರಿನಿಂದ ಬೇರೆಯಾದ ಲವಣವೆಲ್ಲ ಅದರಲ್ಲೇ ಸೇರಿರುತ್ತದೆ. ಎರೆಯಲ್ಲಿ ಅದು ತೊಳೆದು ಕೆಳಗಿಳಿಯುವುದೂ ಕಷ್ಟ, ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ. ನೆಲ ಒರೆಸಲು ಬಳಸಿ.

ಪ್ರಶ್ನೆ: ಕೊಂಡ ಮನೆಯ ಗೋಡೆಯಿಂದ ಆರು ಅಡಿಗೆ ದೊಡ್ಡ ಬೇವಿನ ಮರವಿದೆ. ಗೋಡೆಯಲ್ಲಿ ಬಿರುಕು ಕಂಡಿದೆ, ಎರೆ ನೆಲ. ಕಡಿಸಿಬಿಡಲೇ? (ಹರಿಹರ ರಸ್ತೆ, ದಾವಣಗೆರೆ)

ಉತ್ತರ: ಅವಸರ ಬೇಡ. ಬಿರುಕಿನ ಎರಡು ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ, ಅಗಲವನ್ನು ತಿಂಗಳಿಗೊಮ್ಮೆ ಅಳೆಯಿರಿ. ಬೇಸಿಗೆಯಲ್ಲಿ ಬಾಯ್ಬಿಟ್ಟು ಮಳೆಗಾಲದಲ್ಲಿ ಕೂಡಿಕೊಂಡರೆ ನೆಲದ ಏರಿಳಿತವೇ ಕಾರಣ. ಇಷ್ಟು ವರ್ಷ ತೇವ ಹೀರುತ್ತಿದ್ದ ಮರ ಒಮ್ಮೆಲೇ ಹೋದರೆ ಒಣಗಿದ ಎರೆ ಮತ್ತೆ ನೀರು ಕುಡಿದು ಉಬ್ಬಿ, ಇನ್ನೊಂದು ಬಿರುಕು ತರಬಹುದು. ಎರಡು ಮೂರು ವರ್ಷದಲ್ಲಿ ಹಂತಹಂತವಾಗಿ ಕೊಂಬೆ ತಗ್ಗಿಸುವುದು ಕ್ಷೇಮ. ಬಿರುಕು ಅಗಲವಾಗುತ್ತಲೇ ಹೋದರೆ ಎಂಜಿನಿಯರಿಗೆ ತೋರಿಸಿ. ಕಡಿಯುವುದೇ ಆದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ತೆಂಗಿನಂಥ ಕೆಲವಕ್ಕೆ ವಿನಾಯಿತಿ ಉಂಟು, ಆದರೂ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ.

ಪ್ರಶ್ನೆ: ಚಿತ್ರದುರ್ಗದಲ್ಲಿ ಕೊಂಡ ಮನೆ. ಒಂದಡಿ ಕೆಮ್ಮಣ್ಣು, ಕೆಳಗೆ ಗರಸು. ಆಷಾಢದ ಗಾಳಿಗೆ ಎಳೆ ಗಿಡ ಬುಡಸಮೇತ ಅಲ್ಲಾಡಿ ಒಣಗುತ್ತವೆ.

ಉತ್ತರ: ನಿಮ್ಮೂರಿನ ಜೋಗಿಮಟ್ಟಿ ಬೆಟ್ಟದಲ್ಲಿ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಗುಂಡಿ ಆಳಕ್ಕಿಂತ ಅಗಲವಾಗಲಿ: ನಾಲ್ಕು ಅಡಿ ಅಗಲ, ಎರಡು ಅಡಿ ಆಳ, ತಳವನ್ನು ಹಾರೆಯಿಂದ ಸಡಿಲಿಸಿ. ನೀರು ತುಂಬಿಸಿ ನೋಡಿ. ಮರುದಿನವೂ ನಿಂತಿದ್ದರೆ ಇನ್ನೂ ಒಡೆಯಬೇಕು. ತೆಗೆದ ಮಣ್ಣು ಎರಡು ಪಾಲು, ಕೆರೆಗೋಡು (ಕೆರೆಯ ಹೂಳು) ಒಂದು ಪಾಲು, ಗೊಬ್ಬರ ಒಂದು ಪಾಲು ತುಂಬಿ. ಶೇಂಗಾ ಹೊಟ್ಟು ಅಲ್ಲಿ ಸುಲಭಕ್ಕೆ ಸಿಗುತ್ತದೆ, ಹೊದಿಕೆಗೆ ಚೆನ್ನ, ಆದರೆ ಗೆದ್ದಲು ಹತ್ತುತ್ತದೆ. ಬುಡದಿಂದ ಅರ್ಧ ಅಡಿ ಬಿಟ್ಟು ಹರಡಿ.

ಗಾಳಿಗೆ ಗೋಡೆ ಎತ್ತರಿಸಬೇಡಿ. ಗೋಡೆ ದಾಟಿದ ಗಾಳಿ ಒಳಗೆ ಸುಳಿದು ಗಿಡವನ್ನು ಇನ್ನಷ್ಟು ತಿರುಚುತ್ತದೆ. ಪಶ್ಚಿಮ, ನೈಋತ್ಯದಲ್ಲಿ ಗಾಳಿ ಸೋಸುವಂಥ ಬೇಲಿ ಬೇಕು: ಕಾಗದದ ಹೂ, ಅದರ ಒಳಸಾಲಿಗೆ ದಾಸವಾಳ. ಕಣಗಿಲೆ ಚೆನ್ನಾಗಿ ಬರುತ್ತದೆ, ಆದರೆ ಇಡೀ ಗಿಡವೇ ವಿಷ. ಮಕ್ಕಳು, ದನ ಓಡಾಡುವ ಕಡೆ ಬೇಡ. ಹಣ್ಣಿಗೆ ಸೀತಾಫಲ, ಬೆಟ್ಟದ ನೆಲ್ಲಿ. ಎಳೆ ಗಿಡದ ಎರಡೂ ಪಕ್ಕ ಒಂದೊಂದು ಗೂಟ ನೆಟ್ಟು, ಎತ್ತರದ ಮೂರನೇ ಒಂದು ಭಾಗದಲ್ಲಿ ಹಳೇ ಬಟ್ಟೆಯಿಂದ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ಬುಡ ಅಲ್ಲಾಡಬಾರದು, ತುದಿ ಆಡಬೇಕು. ಆಡಿದರೇ ಕಾಂಡ ದಪ್ಪವಾಗುವುದು. ಒಂದು ವರ್ಷಕ್ಕೆ ಗೂಟ ಕಿತ್ತುಬಿಡಿ.